ಮಾನಿಟರ್‌ನಲ್ಲಿ ಹಸಿರು ಚುಕ್ಕೆ: ಒತ್ತುವ ಮೊದಲು ಇಷ್ಟು ನೋಡಿ

ಹೊಸ 24 ಇಂಚಿನ ಫುಲ್ ಎಚ್‌ಡಿ ಮಾನಿಟರ್ ತಂದು ನಾಲ್ಕು ದಿನ ಆಗಿದೆ, ಕಪ್ಪು ಹಿನ್ನೆಲೆ ಬಂದಾಗ ಒಂದು ಹಸಿರು ಚುಕ್ಕೆ ಹೊಳೆಯುತ್ತದೆ, ವಿಡಿಯೋದಲ್ಲಿ ತೋರಿಸಿದ ಹಾಗೆ ಬೆರಳಿನಿಂದ ಒತ್ತಿದರೆ ಹೋಗುತ್ತದಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಒತ್ತಬೇಡಿ. ನಾಲ್ಕು ದಿನ ಅಂದರೆ ಅಂಗಡಿಗೆ ವಾಪಸ್ ಕೊಡುವ ಗಡುವು ಇನ್ನೂ ಮುಗಿದಿರಲಿಕ್ಕಿಲ್ಲ. ಒತ್ತಿ ಪ್ಯಾನೆಲ್ ಮೇಲೆ ಗುರುತು ಬಿದ್ದರೆ, ಆಮೇಲೆ ಅದು ತಯಾರಿಕೆಯ ದೋಷ ಅಂತ ಯಾರೂ ಒಪ್ಪುವುದಿಲ್ಲ.

ನನ್ನದು ಮದುವೆ ಫೋಟೋ ತಿದ್ದುವ ಕೆಲಸ. ಮದುಮಗನ ಬಿಳಿ ಪಂಚೆ ಮೇಲೆ ಚುಕ್ಕೆ ಕಂಡರೆ ಅದು ಬಟ್ಟೆಯದೋ ಪರದೆಯದೋ ಅಂತ ಮೊದಲು ನೋಡಿಕೊಳ್ಳುತ್ತೇನೆ. ಫೋಟೋವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಸಾಕು. ಚುಕ್ಕೆ ಪಂಚೆಯ ಜೊತೆಗೇ ಹೋದರೆ ಫೋಟೋದ್ದು, ಇದ್ದಲ್ಲೇ ನಿಂತರೆ ಪರದೆಯದ್ದು. ಸ್ಕ್ರೀನ್‌ಶಾಟ್ ತೆಗೆದು ಮೊಬೈಲ್‌ನಲ್ಲಿ ನೋಡಿದರೂ ಇದು ಗೊತ್ತಾಗುತ್ತದೆ. ಪರದೆಯ ದೋಷ ಸ್ಕ್ರೀನ್‌ಶಾಟ್‌ನಲ್ಲಿ ಬರುವುದಿಲ್ಲ.

ಇನ್ನು ನಿಮ್ಮ ಹಸಿರು ಚುಕ್ಕೆ. ಪರದೆಯ ಚಿತ್ರ ಪಿಕ್ಸೆಲ್ ಅನ್ನುವ ಪುಟ್ಟ ಪುಟ್ಟ ಚುಕ್ಕೆಗಳಿಂದ ಆಗಿರುತ್ತದೆ. ಒಂದೊಂದು ಪಿಕ್ಸೆಲ್‌ನಲ್ಲೂ ಕೆಂಪು, ಹಸಿರು, ನೀಲಿ ಅಂತ ಮೂರು ಭಾಗ ಇರುತ್ತವೆ. ಒಂದೊಂದು ಭಾಗಕ್ಕೂ ಅದರದ್ದೇ ಪುಟ್ಟ ಟ್ರಾನ್ಸಿಸ್ಟರ್. ಹಿಂದಿನ ಬೆಳಕು ಎಷ್ಟು ಹೊರಗೆ ಬರಬೇಕು ಅಂತ ತೀರ್ಮಾನಿಸುವುದು ಅದೇ. ಕೆಟ್ಟ ನಲ್ಲಿಯ ಹಾಗೆ ಒಂದು ಭಾಗ ಮುಚ್ಚದೆ ತೆರೆದೇ ಉಳಿದರೆ ಅದು ಸ್ಟಕ್ ಪಿಕ್ಸೆಲ್. ಯಾವತ್ತೂ ಬೆಳಕು ಬಿಡದೆ ಕಪ್ಪಾಗಿ ಉಳಿದರೆ ಡೆಡ್ ಪಿಕ್ಸೆಲ್. ಫುಲ್ ಎಚ್‌ಡಿ ಪರದೆಯಲ್ಲಿ 1920 ಗುಣಿಸು 1080, ಅಂದರೆ 20 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್, 62 ಲಕ್ಷಕ್ಕೂ ಹೆಚ್ಚು ಇಂಥ ಭಾಗಗಳು.

ಪರದೆ ತುಂಬ ಒಂದೊಂದೇ ಬಣ್ಣ ಹಾಕಿ ನೋಡಿ. ಪೇಂಟ್‌ನಲ್ಲಿ ಬಣ್ಣ ತುಂಬಿದ ಚಿತ್ರವಾದರೂ ಆಗುತ್ತದೆ. ಹಸಿರು ಭಾಗ ಸಿಕ್ಕಿಹಾಕಿಕೊಂಡಿದ್ದರೆ ಬಿಳಿ ಮೇಲೂ ಹಸಿರು ಮೇಲೂ ಏನೂ ಕಾಣುವುದಿಲ್ಲ. ಕಪ್ಪಿನ ಮೇಲೆ ಹಸಿರು ಕಾಣುತ್ತದೆ. ಕೆಂಪಿನ ಮೇಲೆ ಅದೇ ಚುಕ್ಕೆ ಹಳದಿಯಾಗುತ್ತದೆ, ಯಾಕೆಂದರೆ ಪರದೆಯಲ್ಲಿ ಕೆಂಪು ಹಸಿರು ಸೇರಿದರೆ ಹಳದಿ. ಹೀಗೇ ಕಂಡರೆ ಅನುಮಾನವೇ ಬೇಡ, ಅದು ಸ್ಟಕ್. ಮಾನಿಟರ್‌ನ ಬೆಳಕು ಕಡಿಮೆ ಮಾಡಿ, ಕಪ್ಪಿನ ಮೇಲಿನದ್ದೊಂದು, ಕೆಂಪಿನ ಮೇಲಿನದ್ದೊಂದು ಫೋಟೋ ಹತ್ತಿರದಿಂದ ತೆಗೆದಿಡಿ. ಅಂಗಡಿಯವರ ಜೊತೆ ಮಾತಾಡುವಾಗ ಬೇಕಾಗುತ್ತದೆ.

ಮೊದಲು ಅಂಗಡಿ, ಆಮೇಲೆ ಕಂಪನಿ. ಈ ಕ್ರಮ ಮುಖ್ಯ. ಕಂಪನಿಯ ವಾರಂಟಿಯಲ್ಲಿ ಒಂದು ಚುಕ್ಕೆಗೆ ಸಾಮಾನ್ಯವಾಗಿ ಬೆಲೆ ಇಲ್ಲ. ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್‌ಒದ ಹಳೆಯ 13406-2 ಮಾನದಂಡದ 2ನೇ ದರ್ಜೆಯಲ್ಲಿ 10 ಲಕ್ಷ ಪಿಕ್ಸೆಲ್‌ಗೆ ಸದಾ ಬೆಳಗುವ 2, ಸದಾ ಕಪ್ಪಾಗಿರುವ 2, ನಿಮ್ಮದರಂಥ ಒಂದೇ ಬಣ್ಣದ ದೋಷ 5 ಇದ್ದರೂ ಸರಿ ಅಂತಿತ್ತು. 20 ಲಕ್ಷ ಪಿಕ್ಸೆಲ್ ಇರುವ ಪರದೆಗೆ ಇದರ ಎರಡರಷ್ಟು. 2008ರಲ್ಲಿ ಅದರ ಜಾಗಕ್ಕೆ ಐಎಸ್‌ಒ 9241-307 ಬಂತು, ಆದರೆ ಕೆಲವು ದೋಷಗಳನ್ನು ಒಪ್ಪಿಕೊಳ್ಳಬೇಕು ಅನ್ನುವ ಪದ್ಧತಿ ಹೋಗಲಿಲ್ಲ. ಡೆಲ್ ತನ್ನ ಅಲ್ಟ್ರಾಶಾರ್ಪ್ ಮಾನಿಟರ್‌ಗಳಿಗೆ ಬೆಳಗುವ ಪಿಕ್ಸೆಲ್ ಒಂದೇ ಇದ್ದರೂ ಬದಲಾಯಿಸುವ ಭರವಸೆ ಕೊಡುತ್ತದೆ. ಎಲ್ಲರೂ ಹಾಗಿಲ್ಲ. ದುಡ್ಡು ಕೊಟ್ಟು ಹೊಸದು ತಂದವರಿಗೆ ಇಷ್ಟು ದೋಷ ಸಹಜ ಅಂತ ಹೇಳುವುದು ನನಗಂತೂ ಸರಿ ಅನಿಸುವುದಿಲ್ಲ. ಆದ್ದರಿಂದಲೇ ಅಂಗಡಿಯ ಗಡುವಿನೊಳಗೆ ಕೇಳಿ ಅನ್ನುತ್ತಿದ್ದೇನೆ. ಅಲ್ಲಿ ಎಷ್ಟೋ ಸಲ ಈ ಲೆಕ್ಕ ಯಾರೂ ಹಾಕುವುದಿಲ್ಲ.

ಬದಲಾಯಿಸಿ ಕೊಡದಿದ್ದರೆ ಮಾತ್ರ ಮನೆಮದ್ದು. ಜೆಸ್ಕ್ರೀನ್‌ಫಿಕ್ಸ್ ಅಂತ ಒಂದು ತಾಣವಿದೆ, ಬ್ರೌಸರ್‌ನಲ್ಲೇ ನಡೆಯುತ್ತದೆ. ಬಣ್ಣ ಬಣ್ಣದ ಚುಕ್ಕೆಗಳು ವೇಗವಾಗಿ ಮಿನುಗುವ ಒಂದು ಚೌಕ ಬರುತ್ತದೆ. ಅದನ್ನು ಚುಕ್ಕೆಯ ಮೇಲೆ ಎಳೆದಿಟ್ಟು ಕನಿಷ್ಠ 10 ನಿಮಿಷ ಬಿಡಿ. ಹೋಗದಿದ್ದರೆ ಒಂದೆರಡು ಗಂಟೆ ಬಿಟ್ಟು ನೋಡಿ. ಕೆಲವು ಸ್ಟಕ್ ಪಿಕ್ಸೆಲ್ ಬಿಟ್ಟುಕೊಳ್ಳುತ್ತವೆ, ಕೆಲವು ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಅದು ನಡೆಯುವಾಗ ನೋಡುತ್ತಾ ಕೂರಬೇಡಿ. ಮನೆಯಲ್ಲಿ ಮೂರ್ಛೆ ರೋಗ ಇರುವವರಿದ್ದರೆ ಆ ಪರದೆ ಅವರ ಕಣ್ಣಿಗೆ ಬೀಳಲೇಬಾರದು. ಡೆಡ್ ಪಿಕ್ಸೆಲ್‌ಗೆ ಇದರಿಂದ ಉಪಯೋಗ ಇಲ್ಲ, ಅಲ್ಲಿ ಹೆಚ್ಚಾಗಿ ಟ್ರಾನ್ಸಿಸ್ಟರೇ ಹೋಗಿರುತ್ತದೆ.

ಒತ್ತುವ ವಿಧಾನ ಕೆಲವರಿಗೆ ಫಲ ಕೊಟ್ಟಿದೆ ನಿಜ. ಆದರೂ ನಾನು ಯಾರಿಗೂ ಹೇಳುವುದಿಲ್ಲ. ಒತ್ತಡ ಒಂದು ಪಿಕ್ಸೆಲ್ ಮೇಲೆ ಮಾತ್ರ ಬೀಳುವುದಿಲ್ಲ, ಅಕ್ಕಪಕ್ಕದವೂ ಕೆಡಬಹುದು.

ಇನ್ನೊಂದು ಮಾತು, ಹುಳುವಿನದ್ದು. ನಮ್ಮ ಕಡೆ ಮಳೆಗಾಲದಲ್ಲಿ ಈ ಕಾಟ ಜಾಸ್ತಿ. ಕಪ್ಪು ಚುಕ್ಕೆಗಳೆಲ್ಲ ಡೆಡ್ ಪಿಕ್ಸೆಲ್ ಅಲ್ಲ. ಬೆಳಕಿಗೆ ಬರುವ ಸಾಸಿವೆಗಿಂತ ಸಣ್ಣ ಹುಳು ಮಾನಿಟರ್‌ನ ಅಂಚಿನಿಂದ ನುಸುಳಿ, ಗಾಜಿಗೂ ಹಿಂದಿನ ಬೆಳಕಿಗೂ ನಡುವೆ ಕೂತಿರುತ್ತದೆ. ಪಿಕ್ಸೆಲ್ ಅಂಚು ಚೊಕ್ಕವಾಗಿರುತ್ತದೆ, ಹುಳುವಿನದ್ದು ಮಸುಕು. ಸ್ವಲ್ಪ ಹೊತ್ತು ಕಣ್ಣಿಟ್ಟರೆ ಅದು ಜಾಗ ಬದಲಿಸುವುದೂ ಕಾಣುತ್ತದೆ. ಅದನ್ನು ಬೆರಳಿನಿಂದ ಒತ್ತಿದಿರೋ, ಅಲ್ಲೇ ಸತ್ತು ಅಂಟಿಕೊಳ್ಳುತ್ತದೆ, ಪ್ಯಾನೆಲ್ ಬಿಚ್ಚದೆ ತೆಗೆಯಲು ಆಗುವುದಿಲ್ಲ. ಮಾನಿಟರ್ ಆರಿಸಿ, ಕೋಣೆ ಕತ್ತಲು ಮಾಡಿ, ಅಂಚಿನ ಹತ್ತಿರ ಒಂದು ದೀಪ ಹಚ್ಚಿಡಿ. ಜೀವ ಇದ್ದರೆ ಬೆಳಕಿನ ಕಡೆಗೆ ಹೊರಗೆ ಬರಬಹುದು.

ನೀವು ಕೇಳಿದ್ದು ಹಸಿರು ಚುಕ್ಕೆಯ ಬಗ್ಗೆ, ಅದಕ್ಕೆ ಇಂದೇ ಅಂಗಡಿಗೆ ಬರೆಯಿರಿ. ಮಾನಿಟರ್ ಮಾಡೆಲ್ ಯಾವುದು ಅಂತ ಕೆಳಗೆ ಹಾಕಿದರೆ, ಆ ಕಂಪನಿಯ ಪಿಕ್ಸೆಲ್ ನಿಯಮ ಏನು ಹೇಳುತ್ತದೆ ಅಂತ ಓದಿ ತಿಳಿಸುತ್ತೇನೆ.