ಓದುಗರ ಪ್ರಶ್ನೆ: ಎಂಟೇ ದಿನದ ಮೇ ರಜೆ, ಊರೂ ಬೇಕು ಗೋವಾವೂ ಬೇಕು

ಪ್ರ: ಮೊದಲೆಲ್ಲ ಮೇ ತಿಂಗಳು ಪೂರ್ತಿ ಉಡುಪಿಯಲ್ಲೇ ಇರುತ್ತಿದ್ದೆವು. ಈಗ ಮಗ-ಸೊಸೆಗೆ ಸಿಗುವುದು ಎಂಟು ದಿನ. ಏಳು ಮತ್ತು ಮೂರು ವರ್ಷದ ಮೊಮ್ಮಕ್ಕಳನ್ನು ಗೋವಾಕ್ಕೂ ಕರೆದೊಯ್ಯಬೇಕಂತೆ. ನಮ್ಮಿಬ್ಬರಿಗೂ ಮಂಡಿನೋವು. ಹೇಗೆ ಹೊಂದಿಸುವುದು?
– ಓದುಗರು, ಡೊಂಬಿವಲಿ

ಉ: ಮೊದಲು ಊರಿಗೆ ಹೋಗಿ, ಗೋವಾವನ್ನು ಮರಳಿ ಬರುವಾಗ ನೋಡಿ. ಮಧ್ಯಾಹ್ನ ಮುಂಬಯಿಯ ಲೋಕಮಾನ್ಯ ತಿಲಕ್ ಟರ್ಮಿನಸ್ (ಎಲ್‌ಟಿಟಿ) ಬಿಡುವ ಮತ್ಸ್ಯಗಂಧ ರೈಲು ಗೋವಾದ ಮಡಗಾಂವ್ ಮುಟ್ಟುವುದು ನಡುರಾತ್ರಿ. ಮಕ್ಕಳು, ಮುದುಕರು, ಸಾಮಾನು ಕಟ್ಟಿಕೊಂಡು ಆ ಹೊತ್ತಿಗೆ ಟ್ಯಾಕ್ಸಿ ಹುಡುಕುವ ಪಾಡು ಬೇಡ. ಅದೇ ಗಾಡಿ ಮರಳುವಾಗ ಸಂಜೆಗೇ ಅಲ್ಲಿ ಇಳಿಸುತ್ತದೆ. ಎರಡು ದಿನ ಕಳೆದು ಕೊಂಕಣ ಕನ್ಯಾ ರೈಲಿನಲ್ಲಿ ರಾತ್ರಿ ಮಲಗಿದರೆ ಬೆಳಗಾಗುವಾಗ ಠಾಣೆ. ವಂದೇ ಭಾರತ್ ಬೇಗ ಮುಟ್ಟಿಸುತ್ತದೆ, ನಿಜ. ಆದರೆ ಅಷ್ಟೂ ಹೊತ್ತು ಕೂತೇ ಇರಬೇಕು, ಮಂಡಿಗೆ ಅದು ಸಲ್ಲ.

ಬುಕಿಂಗ್ ಈಗ 120 ದಿನ ಮೊದಲಲ್ಲ. 2024ರ ನವೆಂಬರ್‌ನಿಂದ 60 ದಿನ. ಮೇ 10ಕ್ಕೆ ಹೊರಟು, 15ಕ್ಕೆ ಉಡುಪಿ ಬಿಟ್ಟು, 17ಕ್ಕೆ ಮಡಗಾಂವ್ ಬಿಡುವುದಾದರೆ ಮಾರ್ಚ್ 11, 16, 18ರ ಬೆಳಿಗ್ಗೆ 8ಕ್ಕೆ ಕೂರಬೇಕು. ಹೋಗುವ ಟಿಕೆಟ್ ಸಿಕ್ಕಿತೆಂದು ಸುಮ್ಮನಾಗಿ, ಮರಳುವ ದಿನ ಮರೆಯುವವರೇ ಹೆಚ್ಚು. ತಿಂಗಳ ರಜೆಯಿದ್ದಾಗ ನಾಲ್ಕು ದಿನ ಹೆಚ್ಚುಕಮ್ಮಿಯಾದರೂ ನಡೆಯುತ್ತಿತ್ತು. ಈಗ ನಡೆಯುವುದಿಲ್ಲ; ವೇಟಿಂಗ್ ಟಿಕೆಟಿನಲ್ಲಿ ಸ್ಲೀಪರ್ ಅಥವಾ ಎಸಿ ಬೋಗಿ ಹತ್ತುವಂತೆಯೂ ಇಲ್ಲ.

ಎಲ್ಲರನ್ನೂ ಒಂದೇ ಟಿಕೆಟಿಗೆ ಸೇರಿಸಬೇಡಿ. ಹಿರಿಯರ ಲೋವರ್ ಬರ್ತ್ ಕೋಟಾ (ಗಂಡಸರಿಗೆ 60, ಹೆಂಗಸರಿಗೆ 45 ದಾಟಿರಬೇಕು) ಸಿಗುವುದು ಟಿಕೆಟಿನಲ್ಲಿ ಇಬ್ಬರೊಳಗಿದ್ದರೆ ಮಾತ್ರ. ನಿಮ್ಮಿಬ್ಬರದು ಬೇರೆಯೇ ತೆಗೆಸಿ. ಬೋಗಿ ಬೇರೆಯಾಗುವ ಸಂಭವವುಂಟು, ಆದರೂ ಮಂಡಿನೋವಿನಲ್ಲಿ ಮೇಲಿನ ಬರ್ತ್ ಹತ್ತುವುದಕ್ಕಿಂತ ವಾಸಿ. ಏಳು ವರ್ಷದ ಮಗುವಿಗೆ ಬರ್ತ್ ಬೇಕೆಂದರೆ ಪೂರ್ತಿ ದರ, ಬೇಡವೆಂದರೆ ಅರ್ಧ. ಮೂರರ ಮಗುವಿಗೆ ಟಿಕೆಟ್ ಬೇಡ.

ತತ್ಕಾಲ್ ನೆಚ್ಚಿಕೊಳ್ಳಬೇಡಿ. ಹಿಂದಿನ ದಿನ ಬೆಳಿಗ್ಗೆ ಎಸಿಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ ತೆರೆಯುತ್ತದೆ. ಒಂದು ಟಿಕೆಟಿಗೆ ನಾಲ್ಕೇ ಜನ. ಟಿಕೆಟ್ ತೆಗೆಯುವ ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಣೆ ಆಗಿರಲೇಬೇಕು.

ಪ್ರ: ಗೋವಾದಲ್ಲಿ ಹೋಂಸ್ಟೇ ಹಿಡಿಯುವಾಗ ಏನು ಕೇಳಬೇಕು?
– ಓದುಗರು, ವಾಶಿ

ಉ: ನೆಲಮಹಡಿಯ ಕೋಣೆ ಇದೆಯೇ, ಹೆಚ್ಚುವರಿ ಹಾಸಿಗೆಗೆ ಎಷ್ಟು, ಮುಂಗಡ ವಾಪಸು ಯಾವ ದಿನದವರೆಗೆ. ಚೆಕ್‌ಔಟ್ ಬೆಳಿಗ್ಗೆ, ಗಾಡಿ ಸಂಜೆ ಅಂತಾದರೆ ಬ್ಯಾಗುಗಳನ್ನು ಅಲ್ಲಿಯವರೆಗೆ ಇಟ್ಟುಕೊಳ್ಳುತ್ತಾರೆಯೇ ಎಂದು ಮೊದಲೇ ವಾಟ್ಸ್‌ಆ್ಯಪಿನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ‘ಆಯ್ತು’ ಅಂದವರು ಆ ದಿನ ಬೇರೆ ಮಾತಾಡುವುದುಂಟು.