ಕ್ಷೌರದ ಕತ್ತಿಯ ಹಿಡಿಗೆ ಯಾವ ಪಿನ್, ಎಂಥ ವಾಷರ್?

ಪ್ರಶ್ನೆ: ಅಜ್ಜನ ಕಾಲದ ಮಡಚುವ ಕ್ಷೌರದ ಕತ್ತಿ ಒಂದಿದೆ. ಅಲಗಿನ ಬುಡದಲ್ಲಿ ಸೋಲಿಂಗನ್ ಅಂತ ಜರ್ಮನಿಯ ಊರಿನ ಹೆಸರಿದೆ. ಕೊಂಬಿನ ಹಿಡಿಯನ್ನು ಹುಳ ತಿಂದಿತ್ತು. ಹಲಸಿನ ತುಂಡಿನಲ್ಲಿ ಹೊಸ ಹಿಡಿ ಮಾಡಿ, ಸಣ್ಣ ಕಬ್ಬಿಣದ ಮೊಳೆ ಕತ್ತರಿಸಿ ಬಡಿದೆ. ಒಂದೇ ಮಳೆಗಾಲಕ್ಕೆ ಮೊಳೆ ತುಕ್ಕು ಹಿಡಿದು ಮರಕ್ಕೆ ಕಲೆ ಬಂತು, ಅಲಗೂ ಸಡಿಲವಾಯಿತು. ಈಗ ಏನು ಹಾಕಲಿ?
— ಓದುಗರೊಬ್ಬರು, ಕಾರವಾರ

ಉತ್ತರ: ಮೊದಲು ಆ ಮೊಳೆ ತೆಗೆಯಿರಿ. ಬಡಿದು ಹೊರಗೆ ತಳ್ಳಬೇಡಿ, ಹಿಡಿ ಸೀಳುತ್ತದೆ. ತಲೆಯನ್ನು ಅರದಿಂದ ಉಜ್ಜಿ ಸಮ ಮಾಡಿ, ಆಮೇಲೆ ಮೆಲ್ಲಗೆ ದೂಡಿ. ಅಲಗಿನ ಬಾಯಿಗೆ ದಪ್ಪ ಟೇಪ್ ಸುತ್ತಿಕೊಂಡೇ ಕೆಲಸ ಶುರು ಮಾಡಿ.

ಮೊಳೆಯ ಬದಲು ಹಾಕುವ ಪಿನ್‌ಗೆ ಹಿತ್ತಾಳೆ ಇಲ್ಲವೇ ಜರ್ಮನ್ ಸಿಲ್ವರ್ ತಂತಿ ಸಾಕು. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಇಲ್ಲ, ತಾಮ್ರ, ನಿಕ್ಕಲ್, ಸತು ಸೇರಿದ್ದು ಅಷ್ಟೇ. ಸಮುದ್ರದ ಗಾಳಿಗೆ ಹಿತ್ತಾಳೆ ಬೇಗ ಕಪ್ಪಾಗುತ್ತದೆ, ಒರೆಸದೆ ಬಿಟ್ಟರೆ ಕಿಲುಬು ಏಳುತ್ತದೆ. ಹಾಗಾಗಿ ಕಾರವಾರದಲ್ಲಿ ಇರುವವರಿಗೆ ನಾನು ಜರ್ಮನ್ ಸಿಲ್ವರ್ ಅನ್ನೇ ಹೇಳುತ್ತೇನೆ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯೋದು ಕಡಿಮೆ ನಿಜ, ಆದರೆ ಬಡಿದಷ್ಟೂ ಗಟ್ಟಿಯಾಗುತ್ತಾ ಹೋಗುತ್ತದೆ. ಅದರ ತಲೆ ಅರಳಿಸುವಷ್ಟರಲ್ಲಿ ಹಿಡಿ ಬಿರುಕು ಬಿಟ್ಟಿರುತ್ತದೆ.

ಇಂಥ ಕತ್ತಿಗಳಿಗೆ ಸಾಮಾನ್ಯವಾಗಿ ಹಾಕೋದು 1/16 ಇಂಚಿನ ಪಿನ್, ಅಂದರೆ ಸುಮಾರು 1.6 ಮಿಲಿಮೀಟರ್. ಹಿಡಿಯ ತೂತೂ ಅಷ್ಟೇ ಇರಲಿ. ಅಲಗಿನ ತೂತು ಸವೆದು ದೊಡ್ಡದಾಗಿದ್ದರೆ ದಪ್ಪ ಪಿನ್ ಹುಡುಕಬೇಡಿ, ಹಿಡಿ ಅಲ್ಲಿ ಬಡವಾಗುತ್ತದೆ. ತೂತಿನೊಳಗೆ ತೆಳು ಹಿತ್ತಾಳೆ ಕೊಳವೆಯ ಒಂದು ತುಂಡು ಕೂರಿಸಿ, ಅದರೊಳಗೆ ಪಿನ್ ಹಾಯಿಸಿ. ತಂತಿ ಸಿಗದಿದ್ದರೆ ಅಕ್ಕಸಾಲಿಗರ ಹತ್ತಿರ ಕೇಳಿ, ತೂತಿನ ಪಟ್ಟಿಯಲ್ಲಿ ಬೇಕಾದ ದಪ್ಪಕ್ಕೆ ಎಳೆದು ಕೊಡುತ್ತಾರೆ. ಎಳೆದ ತಂತಿ ಗಟ್ಟಿಯಾಗಿರುತ್ತದೆ, ಮಂದ ಕೆಂಪಾಗುವವರೆಗೆ ಕಾಯಿಸಿ ತಣಿಸಿಕೊಡಿ ಅನ್ನಿ. ನಾನು ಮೊದಲ ಸಲ ಕಾಯಿಸದ ತಂತಿಯನ್ನೇ ಬಡಿದೆ, ಮೂರು ದಿನ ಕೂತು ತೀಡಿದ ಹಿಡಿ ತೂತಿನಿಂದ ತುದಿವರೆಗೆ ಸೀಳಿಹೋಯಿತು. ಆ ಬೇಸರ ನಿಮಗೆ ಬೇಡ.

ಇನ್ನು ವಾಷರ್. ಇಲ್ಲಿ ಎರಡು ಬಗೆ ಬೇಕು, ಜಾಸ್ತಿ ಜನ ಒಂದನ್ನೇ ಹಾಕಿ ಸುಮ್ಮನಾಗುತ್ತಾರೆ. ಹೊರಗಿನದು ಸಣ್ಣ ಗುಬುಟಿನ ವಾಷರ್, ನಾಲ್ಕೈದು ಮಿಲಿಮೀಟರ್ ಅಗಲ. ಪಿನ್ನಿನ ತಲೆ ಮರದೊಳಗೆ ಇಳಿಯದಂತೆ ತಡೆಯೋದು ಇದೇ. ಪಿನ್ ಯಾವ ಲೋಹವೋ ವಾಷರೂ ಅದೇ ಇರಲಿ. ಒಳಗಿನದು ಕಾಲು ಮಿಲಿಮೀಟರ್ ಆಸುಪಾಸಿನ ಚಪ್ಪಟೆ ವಾಷರ್, ಅಲಗಿನ ಬುಡಕ್ಕೂ ಹಿಡಿಗೂ ನಡುವೆ ಎರಡೂ ಕಡೆ ಒಂದೊಂದು. ಇದಿಲ್ಲದಿದ್ದರೆ ಉಕ್ಕು ಮರವನ್ನು ತಿನ್ನುತ್ತಾ ಹೋಗಿ ಅಲಗು ಮತ್ತೆ ಸಡಿಲವಾಗುತ್ತದೆ.

ಆದರೆ ಬಿಗಿ ಕೊಡೋದು ಪಿನ್ ಮಾತ್ರ ಅಲ್ಲ, ಹಿಡಿಯ ಆ ಕಡೆಯ ತುದಿಯಲ್ಲಿರುವ ಬೆಣೆ. ಬೆಣೆ ಹಿಡಿಯ ಎರಡು ಹಲಗೆಗಳನ್ನು ಅಗಲಿಸಿ ಹಿಡಿಯುತ್ತದೆ, ಈ ಕಡೆ ಪಿನ್ ಅವನ್ನು ಅಲಗಿಗೆ ಒತ್ತುತ್ತದೆ, ಹಲಗೆ ಬಿಲ್ಲಿನ ಹಾಗೆ ತುಸು ಬಾಗಿ ಅಲಗು ಬಿಟ್ಟಲ್ಲೇ ನಿಲ್ಲುತ್ತದೆ. ಬೆಣೆ ಸರಿಯಿಲ್ಲದೆ ಎಷ್ಟು ಬಡಿದರೂ ವ್ಯರ್ಥ. ಅದಕ್ಕೇ ಬಡಿಯುವ ಮುಂಚೆ 1.4 ಮಿಲಿಮೀಟರಿನ ಸಣ್ಣ ಸ್ಕ್ರೂ, ನಟ್ ಹಾಕಿ ಜೋಡಿಸಿ ನೋಡಿ, ಕನ್ನಡಕದ ಅಂಗಡಿಯಲ್ಲಿ ವಿಚಾರಿಸಿ. ಮಡಚಿದಾಗ ಅಲಗಿನ ಬಾಯಿ ಸರಿ ನಡುವೆ ಕೂರಬೇಕು. ಒಂದು ಬದಿಗೆ ತಾಗಿದರೆ ಬೆಣೆಯನ್ನು ತೀಡಿ, ಇಲ್ಲವೇ ಒಳಗಿನ ವಾಷರ್ ಬದಲಿಸಿ.

ಮೊದಲು ಬೆಣೆಯ ಕಡೆಯ ಪಿನ್ ಹಾಕಿ, ಅಲಗಿನದು ಕೊನೆಗೆ. ವಾಷರಿನಾಚೆ ಪಿನ್ ಒಂದು ಮಿಲಿಮೀಟರ್ ಉಳಿದರೆ ಸಾಕು, ಜಾಸ್ತಿ ಬಿಟ್ಟರೆ ಒಳಗೇ ಬಾಗುತ್ತದೆ. ಅಕ್ಕಸಾಲಿಗರ ಗುಂಡು ಮೂತಿಯ ಸಣ್ಣ ಸುತ್ತಿಗೆಯಿಂದ ತಟ್ಟಿ. ಬಡಿಯೋದಲ್ಲ, ತಟ್ಟೋದು. ಹತ್ತು ಸಲ ಈ ಕಡೆ, ಹತ್ತು ಸಲ ಆ ಕಡೆ, ನಡುನಡುವೆ ಅಲಗನ್ನು ತೆರೆದು ಮಡಚಿ ನೋಡುತ್ತಾ ಇರಿ.

ಈ ಕೆಲಸವನ್ನು ಜುಲೈ, ಆಗಸ್ಟ್‌ನಲ್ಲಿ ಮಾತ್ರ ಮಾಡಬೇಡಿ. ಮಳೆಗಾಲದಲ್ಲಿ ಮರ ಉಬ್ಬಿರುತ್ತದೆ, ಆಗ ಬಿಗಿ ಮಾಡಿದ್ದು ಮಾರ್ಚ್‌ಗೆ ಸಡಿಲ. ದೀಪಾವಳಿ ಕಳೆದು ಗಾಳಿ ಒಣಗಲಿ. ಆಮೇಲೆ ವಾರಕ್ಕೊಮ್ಮೆ ಕೀಲಿಗೆ ಒಂದು ಹನಿ ಹೊಲಿಗೆ ಮಷಿನ್ ಎಣ್ಣೆ ಬಿಡಿ. ಉಪ್ಪು ತೇವ ಕೂತರೆ ಹಿತ್ತಾಳೆ, ಜರ್ಮನ್ ಸಿಲ್ವರ್ ತಾಗಿದಲ್ಲೇ ಉಕ್ಕು ಮೊದಲು ತುಕ್ಕು ಹಿಡಿಯುತ್ತದೆ. ಮನೆಯಲ್ಲಿದೆ ಅಂತ ತೆಂಗಿನೆಣ್ಣೆ ಬೇಡ, ದಿನ ಕಳೆದಂತೆ ಅಂಟಾಗುತ್ತದೆ.

ಪ್ರಶ್ನೆ: ನನ್ನ ಕತ್ತಿಯ ಹಿಡಿ ಆಮೆಚಿಪ್ಪಿನ ಬಣ್ಣದ ಹಳೇ ಪ್ಲಾಸ್ಟಿಕ್. ಒಣಗಿಸಿ ಇಟ್ಟರೂ ಮಡಚಿದಾಗ ಹಿಡಿಯೊಳಗೆ ಇರುವ ಭಾಗಕ್ಕೇ ತುಕ್ಕು ಬರುತ್ತಿದೆ. ಪಿನ್ನಿನ ದೋಷವೇ?
— ಓದುಗರು, ಶಿರಸಿ

ಉತ್ತರ: ಅಲ್ಲ. ಅದು ಸೆಲ್ಯುಲಾಯ್ಡ್ ಇರಬಹುದು. ಹಳತಾದಾಗ ಅದರಿಂದ ಆಮ್ಲದ ಆವಿ ಬಿಡುತ್ತದೆ, ಹತ್ತಿರದ ಉಕ್ಕನ್ನು ತಿನ್ನುತ್ತದೆ. ಅಲಗನ್ನು ಇವತ್ತೇ ಬಿಚ್ಚಿ ಬೇರೆ ಇಡಿ. ಆ ಹಿಡಿಯನ್ನು ಬೆಂಕಿಯ ಹತ್ತಿರ ಒಯ್ಯಬೇಡಿ, ಭಗ್ಗನೆ ಹತ್ತಿಕೊಳ್ಳುತ್ತದೆ. ನಿಮ್ಮೂರಿನಲ್ಲೇ ಗುಡಿಗಾರರು ಇದ್ದಾರಲ್ವಾ, ಬೀಟೆಯ ಎರಡು ತೆಳು ಹಲಗೆ ಸೀಳಿಸಿಕೊಳ್ಳಿ, ಮುಂದಿನದಕ್ಕೆ ಮೇಲಿನ ಉತ್ತರ ನೋಡಿ.