ವೈರ್ ಅದಲುಬದಲು ಮಾಡಿ ನೋಡಿದಿರಾ?

ನಮಸ್ಕಾರ. ಎರಡು ಸಿಗ್ನಲ್‌ಗಳಲ್ಲಿ ಯಾವುದರ ಫ್ರೀಕ್ವೆನ್ಸಿ ಜಾಸ್ತಿ ಎಂದು ತೋರಿಸುವ ಸರ್ಕ್ಯೂಟ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ನಿಮ್ಮ ಭಾಷೆ ತಿಳಿಯಾಗಿದೆ, ಅದರಲ್ಲಿ ತಕರಾರಿಲ್ಲ. ಎಡವಟ್ಟಾಗಿರುವುದು ಸರ್ಕ್ಯೂಟ್‌ನಲ್ಲೇ.

ಒಂದು ಎಕ್ಸ್-ಆರ್ ಗೇಟಿಗೆ (ಎರಡು ಇನ್‌ಪುಟ್ ಬೇರೆಬೇರೆ ಇದ್ದಾಗ ಮಾತ್ರ ಹೈ ಕೊಡುವ ಗೇಟ್) ಎ, ಬಿ ಎರಡೂ ಸಿಗ್ನಲ್ ಕೊಟ್ಟು, 'ಎ ವೇಗವಾಗಿದ್ದರೆ ಎಲ್‌ಇಡಿ ಉರಿಯುತ್ತದೆ' ಎಂದು ಬರೆದಿದ್ದೀರಿ. ಹಾಗಾಗುವುದಿಲ್ಲ. ಎ 1010 ಹರ್ಟ್ಸ್, ಬಿ 1000 ಹರ್ಟ್ಸ್ ಇದ್ದರೆ ಬೆಳಕು ಸೆಕೆಂಡಿಗೆ 10 ಸಲ ಏರಿಳಿಯುತ್ತದೆ, ಅಷ್ಟೇ. ಎರಡು ವೈರ್ ಅದಲುಬದಲು ಮಾಡಿ ನೋಡಿ. ಆಗಲೂ ಅದೇ 10 ಸಲ! ವ್ಯತ್ಯಾಸ ಎಷ್ಟು ಅಂತ ಗೊತ್ತಾಯಿತು, ಯಾವುದು ಮುಂದೆ ಅಂತ ಗೊತ್ತಾಗಲಿಲ್ಲ, ಅಲ್ವಾ?

ನಿಮಗೆ ಬೇಕಾಗಿರುವುದು ಎರಡು ಡಿ ಫ್ಲಿಪ್-ಫ್ಲಾಪ್, ಅಂದರೆ ಕ್ಲಾಕ್ ಪಿನ್ ಲೋದಿಂದ ಹೈಗೆ ಏರುವ ಕ್ಷಣದಲ್ಲಿ (ಅದೇ ಎಡ್ಜ್) ಡಿ ಪಿನ್ನಿನಲ್ಲಿ ಇರುವುದನ್ನು ಹಿಡಿದಿಡುವ ಸರ್ಕ್ಯೂಟ್. ಸಿಡಿ4013 ಚಿಪ್ ಒಂದರಲ್ಲೇ ಎರಡೂ ಸಿಗುತ್ತವೆ. ಎರಡರ ಡಿ ಪಿನ್ನನ್ನೂ ಹೈಗೆ ಕಟ್ಟಿ. ಒಂದರ ಕ್ಲಾಕ್‌ಗೆ ಎ, ಇನ್ನೊಂದಕ್ಕೆ ಬಿ. ಎರಡೂ ಔಟ್‌ಪುಟ್‌ಗಳನ್ನು ಒಂದು ಆ್ಯಂಡ್ ಗೇಟಿಗೆ (ಎರಡೂ ಹೈ ಇದ್ದಾಗ ಮಾತ್ರ ಹೈ ಕೊಡುವ ಗೇಟ್) ಕೊಟ್ಟು, ಅಲ್ಲಿಂದ ಎರಡೂ ರೀಸೆಟ್‌ಗೆ ತನ್ನಿ. ಎ ಎಡ್ಜ್ ಬಂದರೆ ಮೊದಲನೆಯದು ಹೈ ಆಗುತ್ತದೆ. ಬಿ ಎಡ್ಜ್ ಬಂದ ಕೂಡಲೇ ಎರಡೂ ಸೊನ್ನೆ. ಎ ವೇಗವಾಗಿದ್ದರೆ, ಶುರುವಿನ ಗಲಿಬಿಲಿ ಕಳೆದ ಮೇಲೆ, ಮೊದಲ ಔಟ್‌ಪುಟ್ ಸಾಕಷ್ಟು ಹೊತ್ತು ಹೈ ಇರುತ್ತದೆ. ಎರಡನೆಯದರಲ್ಲಿ ಸೂಜಿಮೊನೆಯಂಥ ಪಲ್ಸ್ ಮಾತ್ರ. ಎರಡಕ್ಕೂ ಪಲ್ಸ್‌ಗಳನ್ನು ಸರಾಸರಿ ವೋಲ್ಟೇಜ್ ಮಾಡುವ 10 ಕಿಲೋಓಮ್, 1 ಮೈಕ್ರೋಫ್ಯಾರಡ್ ಫಿಲ್ಟರ್ ಹಾಕಿ, ಯಾವ ವೋಲ್ಟೇಜ್ ಹೆಚ್ಚು ಎಂದು ಹೇಳುವ ಎಲ್‌ಎಂ393 ಕಂಪೇರೇಟರ್‌ನಲ್ಲಿ ಹೋಲಿಸಿ. 1 ಕಿಲೋಹರ್ಟ್ಸ್ ಆಸುಪಾಸಿಗೆ ಇದು ಸಾಕು.

ನಿಮ್ಮ ಚಿತ್ರದಲ್ಲಿ ಬಳಸದ ಗೇಟುಗಳ ಇನ್‌ಪುಟ್ ಎಲ್ಲಿಗೂ ಜೋಡಿಸದೆ ಸುಮ್ನೆ ತೇಲುತ್ತಿವೆ. ಸಿಮಾಸ್ ಚಿಪ್‌ನಲ್ಲಿ ಹಾಗೆ ಬಿಡಬಾರದು. 4013ರಲ್ಲೂ 6 ಮತ್ತು 8ನೇ ಪಿನ್, ಅಂದರೆ ಸೆಟ್ ಪಿನ್‌ಗಳು, ಗ್ರೌಂಡಿಗೆ ಹೋಗಬೇಕು. ಸೈನ್ ವೇವ್ ಕೊಡುವುದಾದರೆ ಮೊದಲು ಅದನ್ನು ಚೂಪಾದ ಎಡ್ಜ್ ಇರುವ ಚೌಕ ಅಲೆ ಮಾಡುವ ಸ್ಮಿಟ್ ಟ್ರಿಗರ್ ದಾಟಿಸಿ. ಮಂದವಾಗಿ ಏರುವ ಎಡ್ಜ್‌ಗೆ ಫ್ಲಿಪ್-ಫ್ಲಾಪ್ ತಪ್ಪು ಎಣಿಸಬಹುದು.

ವಿದ್ಯುತ್ತಿನ ಇತಿಹಾಸದ ಪೀಠಿಕೆ ಪೂರ್ತಿ ತೆಗೆಯಿರಿ. ಈ ಲೇಖನ ತೆರೆದವರಿಗೆ ಅದು ಬೇಕಿಲ್ಲ.

'ಎರಡೂ ಸಮ ಇದ್ದರೆ ಎಲ್‌ಇಡಿ ಆರುತ್ತದೆ' ಎಂಬ ಸಾಲನ್ನು ಮಾತ್ರ ಹಾಗೇ ಬಿಡಬೇಡಿ. ಫ್ರೀಕ್ವೆನ್ಸಿ ಸಮ ಇದ್ದಾಗ ಈ ಫ್ಲಿಪ್-ಫ್ಲಾಪ್ ಸರ್ಕ್ಯೂಟ್ ಫೇಸ್‌ನಲ್ಲಿ, ಅಂದರೆ ಎಡ್ಜ್ ಬರುವ ಹೊತ್ತಿನಲ್ಲಿ, ಮುಂದಿರುವುದನ್ನೇ ಗೆದ್ದಿತು ಅನ್ನುತ್ತದೆ. ಎಷ್ಟು ಹತ್ತಿರ ಬಂದರೆ ಸಮ ಎಂದು ಲೆಕ್ಕ ಅಂತ ನೀವೇ ತೀರ್ಮಾನಿಸಿ ಬರೆಯಿರಿ. ಬ್ರೆಡ್‌ಬೋರ್ಡ್ ಮೇಲೆ ಕಟ್ಟಿ, ವೈರ್ ಅದಲುಬದಲು ಮಾಡಿದಾಗ ಕಂಡದ್ದನ್ನೂ ಸೇರಿಸಿ ಕಳಿಸಿ. ಮತ್ತೆ ಓದುತ್ತೇನೆ.